ಅತ್ತೆಯ ಅಳತೆಯ ಕರೆಂಟ್ ಕಂಬಳಿ

ನಮ್ಮ ಮನೆಗೆ ಬಂದ ಯಾವ ವಸ್ತುವೂ ಬಂದ ರೂಪದಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ಕೆಳಗೆ ಹೊಲಿಗೆ ಅಂಗಡಿ, ಮೇಲೆ ಮನೆ, ನಡುವೆ ಕಡಿದಾದ ಮರದ ಮೆಟ್ಟಿಲು. ಅಂಗಡಿಯ ಯಜಮಾನಿ ನಮ್ಮತ್ತೆ. ಅಳತೆ ಮತ್ತು ಕತ್ತರಿ ಅವರದು; ಕಾಜಾ, ಗುಂಡಿ ಮತ್ತು ಗಿರಾಕಿಗಳ ಹತ್ತಿರ ಬೈಸಿಕೊಳ್ಳುವ ಕೆಲಸ ನನ್ನದು. ಹೊಸ ಪರದೆ ತಂದರೆ ಅತ್ತೆ ಅದರ ಅಂಚು ಬಿಚ್ಚಿ ಮತ್ತೆ ಹೊಲಿಯುತ್ತಾರೆ. ಹೊಸ ಟವೆಲ್ ತಂದರೆ ಮೂಲೆಗೆ ಕುಣಿಕೆ ಕೂರಿಸುತ್ತಾರೆ. ಒಮ್ಮೆ ಛತ್ರಿಗೂ ಸೂಜಿ ಹಾಕಿದ್ದರು. ಯಾಕೆ ಅತ್ತೆ ಎಂದರೆ, "ಅಂಗಡಿಯವನಿಗೆ ನಮ್ಮ ಅಳತೆ ಏನು ಗೊತ್ತು?" ಎನ್ನುತ್ತಾರೆ.

ಮಾವ ತೀರಿಕೊಂಡ ವರ್ಷ ಬಡಗಿಯನ್ನು ಕರೆಸಿ ಜೋಡಿ ಮಂಚವನ್ನೇ ಕೊಯ್ಯಿಸಿ ಒಂಟಿ ಮಂಚ ಮಾಡಿಸಿಕೊಂಡರು. "ಒಬ್ಬಳಿಗೆ ಅಷ್ಟಗಲ ಯಾಕೆ?" ಎಂದರು.

ಅತ್ತೆಯ ಕೆಲಸದಲ್ಲಿ ತಪ್ಪದೆ ನಡೆಯುವ ಎರಡು ಸಂಗತಿಗಳಿವೆ. ಒಂದು, ಬಟ್ಟೆ ದೊಡ್ಡದಾಯಿತೆಂದು ಅವರು ಎಂದೂ ಕತ್ತರಿಸಿ ಎಸೆಯುವುದಿಲ್ಲ. ಹೆಚ್ಚಾದದ್ದನ್ನು ಒಳಗೆ ಮಡಚಿ, ಹೊರಗೆ ಗೊತ್ತೇ ಆಗದಂತೆ ಹೊಲಿದುಬಿಡುತ್ತಾರೆ. ನಾಳೆ ಯಾರೋ ದಪ್ಪಗಾಗುತ್ತಾರೆ, ಯಾರೋ ಉದ್ದವಾಗುತ್ತಾರೆ, ಇಲ್ಲವೇ ಅದು ತಮ್ಮನಿಗೋ ತಂಗಿಗೋ ಹೋಗುತ್ತದೆ. ಆಗ ಬಿಚ್ಚಿ ದೊಡ್ಡದು ಮಾಡಬಹುದು. ಇನ್ನೊಂದು, ಎಲ್ಲ ಮುಗಿದ ಮೇಲೆ ಕಂಪನಿಯ ಲೇಬಲ್ ಕಿತ್ತು ಬುಟ್ಟಿಗೆ ಹಾಕುತ್ತಾರೆ. ಲೇಬಲ್ ಬುಟ್ಟಿಗೆ ಬಿತ್ತೆಂದರೆ ಆ ವಸ್ತು ಅಂಗಡಿಯವನದಲ್ಲ, ಅತ್ತೆಯದು.

ನನ್ನ ಗಂಡ ಸೂಜಿ ಮುಟ್ಟಿದವರಲ್ಲ. ಅವರು ವಿಮಾ ಕಂಪನಿಯ ಸರ್ವೇಯರ್. ಎಲ್ಲಾದರೂ ಮನೆಯೋ ಗೋದಾಮೋ ಸುಟ್ಟರೆ ಕ್ಯಾಮೆರಾ ಹಿಡಿದು ಹೋಗಿ, ಬೆಂಕಿ ಎಲ್ಲಿ ಹುಟ್ಟಿತು, ಹೇಗೆ ಹಬ್ಬಿತು ಎಂದು ಪತ್ತೆ ಮಾಡುವುದು ಅವರ ಕೆಲಸ. ಊರೆಲ್ಲ ಸುಟ್ಟದ್ದನ್ನೇ ನೋಡಿ ನೋಡಿ ಅವರಿಗೆ ಸುಡದೆ ನಿಂತಿರುವ ಮನೆಯ ಮೇಲೆ ನಂಬಿಕೆಯೇ ಹೋಗಿದೆ. ಸಂಜೆ ಒಳಗೆ ಕಾಲಿಟ್ಟವರು ಷೂ ಬಿಚ್ಚುವ ಮೊದಲೇ ಮೂಗೆತ್ತಿ, "ಏನೋ ಸೀದ ವಾಸನೆ ಬರ್ತಿದೆ ಅಲ್ವಾ?" ಎನ್ನುತ್ತಾರೆ. ಬರುತ್ತಿರುವುದು ಇಸ್ತ್ರಿ ಪೆಟ್ಟಿಗೆಯ ಆವಿಯ ವಾಸನೆ, ಇಲ್ಲವೇ ಅವರದೇ ಕೋಟಿಗೆ ಅಂಟಿಕೊಂಡು ಬಂದ ಯಾರದೋ ಮನೆಯ ಹೊಗೆ. ಅತ್ತೆ ಮಗನಿಗೆ 'ಸೀದ ವಾಸನೆ' ಎಂದೇ ಹೆಸರಿಟ್ಟುಬಿಟ್ಟಿದ್ದಾರೆ. "ನಿನ್ನ ಸೀದ ವಾಸನೆ ಬಂದ ನೋಡು, ಟೀ ಇಡು" ಎಂದು ನನಗೆ ಕೂಗಿ ಹೇಳುತ್ತಾರೆ.

ಹೀಗೆ ಒಬ್ಬರ ಕೈಗೆ ಕತ್ತರಿ, ಇನ್ನೊಬ್ಬರ ಮೂಗಿಗೆ ಹೊಗೆ, ನಡುವೆ ನಾನು.

ಹೋದ ಚಳಿಗಾಲದಲ್ಲಿ ಅತ್ತೆಯ ಬೆರಳುಗಳು ಕೈಕೊಟ್ಟವು. ನಮ್ಮ ಮನೆ ಹಳೆಯದು, ಗೋಡೆಗಳು ರಾತ್ರಿಯೆಲ್ಲ ಚಳಿ ಕುಡಿದು ಬೆಳಿಗ್ಗೆ ನಮ್ಮ ಮೇಲೆ ಉಗುಳುತ್ತವೆ. ಎರಡು ರಜಾಯಿ ಹೊದ್ದು ಮಲಗಿದರೂ ಅತ್ತೆ ಏಳುವಾಗ ಕೈ ಮರಗಟ್ಟಿರುತ್ತಿತ್ತು. ಅಂಥ ಒಂದು ಬೆಳಿಗ್ಗೆ ಕತ್ತರಿ ಜಾರಿ ಗಿರಾಕಿಯ ಕೋಟಿನ ತೋಳು ಓರೆಯಾಯಿತು. ನಾನು ಮದುವೆಯಾಗಿ ಬಂದ ಮೇಲೆ ಅತ್ತೆಯ ಕತ್ತರಿ ತಪ್ಪಿದ್ದನ್ನು ನೋಡಿದ್ದು ಅದೇ ಮೊದಲು. ಅವರು ಕತ್ತರಿಯನ್ನು ಮೇಜಿನ ಮೇಲಿಟ್ಟು, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತರು.

ನನ್ನ ನಾದಿನಿ, ಅಂದರೆ ಅತ್ತೆಯ ಮಗಳು, ಸಮುದ್ರದ ಹತ್ತಿರದ ಊರಿನಲ್ಲಿದ್ದಾಳೆ. ಸುದ್ದಿ ಕೇಳಿದ್ದೇ ತಡ, ಫೋನು ಮಾಡಿದಳು. "ಇಲ್ಲಿ ನಾವು ಫ್ಯಾನ್ ಹಾಕ್ಕೊಂಡು ಮಲಗ್ತೀವಮ್ಮ. ಸಾಕು ಆ ಅಂಗಡಿ. ಇಲ್ಲಿಗೇ ಬಂದ್ಬಿಡು."

"ಇನ್ನೊಂದು ಚಳಿಗಾಲ ನೋಡ್ತೀನಿ," ಎಂದರು ಅತ್ತೆ. "ಕೈ ಕೇಳಲ್ಲ ಅಂದ್ರೆ ಬರ್ತೀನಿ. ಬಂದ್ರೆ ಬಂದ ಹಾಗೇ, ಹೋಗೋದು ಬರೋದು ನನ್ನಿಂದಾಗಲ್ಲ."

ಅತ್ತೆ ಹೋದರೆ ಸಾಕಪ್ಪಾ ಎನ್ನುವ ಸೊಸೆಯರ ಕಥೆ ನೀವು ಬೇಕಾದಷ್ಟು ಕೇಳಿರುತ್ತೀರಿ. ನನ್ನದು ಉಲ್ಟಾ. ನಾವಿಬ್ಬರೂ ದಿನಾ ಜಗಳವಾಡುತ್ತೇವೆ, ಅದು ಸುಳ್ಳಲ್ಲ. ಕಾಜಾ ದೊಡ್ಡದಾಯಿತು, ಟೀ ನೀರಾಯಿತು, ಗಿರಾಕಿಗೆ ಎದುರು ಮಾತಾಡಿದೆ, ಹೀಗೆ ಒಂದಲ್ಲ ಒಂದು. ಆದರೆ ಇಷ್ಟು ರುಚಿಕಟ್ಟಾಗಿ ಜಗಳವಾಡುವವರು ನನಗೆ ಇನ್ನೆಲ್ಲಿ ಸಿಕ್ಕಾರು? ಆ ಮೇಜಿನ ಹಿಂದೆ ಅವರಿಲ್ಲದ ಅಂಗಡಿಯನ್ನು ನೆನೆಸಿಕೊಳ್ಳುವುದೂ ನನಗೆ ಬೇಡವಾಗಿತ್ತು. ಹೋಗಬೇಡಿ ಎಂದು ಬಾಯಿಬಿಟ್ಟು ಹೇಳುವುದಕ್ಕೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಬೈಗುಳ ಸಲೀಸು, ಇಂಥ ಮಾತು ಕಷ್ಟ.

ಈ ವರ್ಷ ಚಳಿ ಶುರುವಾಗುತ್ತಿದ್ದ ಹಾಗೆ ನಾನು ಗಂಡನ ಮುಂದೆ ವಿಷಯ ಎತ್ತಿದೆ. "ರೀ, ಅತ್ತೆಗೆ ಹಾಸಿಗೆ ಬೆಚ್ಚಗೆ ಮಾಡೋ ಕರೆಂಟ್ ಕಂಬಳಿ ಒಂದು ತರೋಣ."

ಅವರು ಚಮಚ ತಟ್ಟೆಯಲ್ಲಿಟ್ಟು ನನ್ನನ್ನು ನೋಡಿದ ರೀತಿ ನೋಡಿದರೆ, ಅತ್ತೆಯ ಹಾಸಿಗೆ ಕೆಳಗೆ ಒಲೆ ಹಚ್ಚೋಣ ಎಂದೆನೇನೋ ಅನ್ನಿಸಬೇಕು.

"ಅಂಥದೊಂದು ಮನೆ ನೋಡಿದ್ದೀನಿ ನಾನು," ಎಂದರು. "ಹಾಸಿಗೆ ಇದ್ದ ಕಡೆ ಬರೀ ಸ್ಪ್ರಿಂಗ್ ಉಳಿದಿತ್ತು."

"ಅದನ್ನ ಅವರು ಹೆಂಗೆ ಉಪಯೋಗಿಸ್ತಿದ್ರು?"

"ಹಳೇದು. ವೈರು ಸವೆದಿತ್ತು. ಮೇಲೆ ಸೂಟ್‌ಕೇಸ್ ಬೇರೆ ಇಟ್ಟಿದ್ರು."

"ಹಾಗಾದ್ರೆ ನಾವು ಹೊಸದು ತರೋಣ, ಸೂಟ್‌ಕೇಸ್ ಇಡೋದು ಬೇಡ. ಅತ್ತೆ ಸೂಟ್‌ಕೇಸ್ ತುಂಬಿಸಿಕೊಂಡು ಹೋಗೋದು ನಿಮಗೆ ಬೇಕಾ?"

ಆ ಮಾತು ನಾಟಿತು. ಅವರೂ ಅಮ್ಮನನ್ನು ಕಳಿಸಲು ಸಿದ್ಧರಿರಲಿಲ್ಲ. ಮರುದಿನವೇ ಮೂವರೂ ಅಂಗಡಿ ಮುಚ್ಚಿ, ಫ್ರಿಜ್ಜು ಮಿಕ್ಸಿಗಳನ್ನು ಮಾರುವ ದೊಡ್ಡ ಮಳಿಗೆಗೆ ಹೋದೆವು. ಅಲ್ಲಿ ಟೈ ಕಟ್ಟಿಕೊಂಡಿದ್ದ ನಡುವಯಸ್ಸಿನ ಸೇಲ್ಸ್‌ಮನ್ ಒಬ್ಬ ನಮ್ಮನ್ನು ನಗುನಗುತ್ತ ಬರಮಾಡಿಕೊಂಡ. ಪಾಪ, ಅವನಿಗೇನು ಗೊತ್ತು.

"ಇದು ತುಂಬಾ ಚೆನ್ನಾಗಿ ಬಿಸಿಯಾಗುತ್ತೆ ಸಾರ್," ಎಂದು ಒಂದನ್ನು ಬಿಡಿಸಿದ.

"ಬಿಸಿಯಾಗೋದು ಬಿಡಿ. ನಿಲ್ಲೋದು ಯಾವಾಗ?" ಎಂದರು ನನ್ನ ಗಂಡ.

"ನಿಲ್ಲೋದ್ಯಾಕೆ ಸಾರ್? ಬೆಳಗಿನ ತನಕ ಬಿಸಿ ಇರುತ್ತೆ."

ಅಲ್ಲಿಗೆ ಆ ಕಂಬಳಿಯ ಕಥೆ ಮುಗಿಯಿತು. ಎರಡನೆಯದರ ಡಬ್ಬದ ಮೇಲಿನ ಚಿತ್ರದಲ್ಲಿ ಹೆಂಗಸೊಬ್ಬಳು ಹಲ್ಲು ಕಿರಿಯುತ್ತ ಮಲಗಿದ್ದಳು. ನನ್ನ ಗಂಡ ಡಬ್ಬವನ್ನು ಆರೂ ಕಡೆ ತಿರುಗಿಸಿ ನೋಡಿ, "ಈಕೆ ನಗ್ತಿದಾಳೆ ಅಂತ ನಾನು ಇದನ್ನ ತಗೊಳ್ಳೋಕಾಗುತ್ತಾ? ಪರೀಕ್ಷೆ ಮಾಡಿದ ಗುರುತು ಎಲ್ಲಿ?" ಎಂದು ಗದರಿದರು. ಗುರುತು ಇರಲಿಲ್ಲ. ಸೇಲ್ಸ್‌ಮನ್ ಟೈ ಸಡಿಲ ಮಾಡಿಕೊಂಡು ಮೂರನೆಯದನ್ನು ತಂದ. ಅದಕ್ಕೆ ಗುರುತಿತ್ತು, ತಾನಾಗಿ ಆರುವ ಟೈಮರ್ ಇತ್ತು, ಶಾಖ ಮಿತಿಮೀರಿದರೆ ಕೆಂಪು ದೀಪ ಮಿಟುಕಿಸುವ ಸಣ್ಣ ಡಬ್ಬಿಯಿತ್ತು. ಹಾಸಿಗೆಯ ಮೇಲೆ ಇದನ್ನು ಹಾಸಿ, ಇದರ ಮೇಲೆ ದುಪ್ಪಟಿ ಹಾಸಬೇಕಂತೆ. ನನ್ನ ಗಂಡ ಅದರ ವೈರನ್ನು ಬೆರಳಲ್ಲಿ ಉಜ್ಜಿ, ಪ್ಲಗ್ ಮೂಸಿ, ಕೊನೆಗೆ ಜೊತೆಗಿದ್ದ ಸೂಚನೆಗಳ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದತೊಡಗಿದರು.

ಅತ್ತಕಡೆ ಅತ್ತೆಯ ತಪಾಸಣೆ ಬೇರೆಯೇ ನಡೆದಿತ್ತು. ಅವರು ಕಂಬಳಿಯ ಮೂಲೆ ಮಗುಚಿ, ಹೊಲಿಗೆಯನ್ನು ಉಗುರಿನಿಂದ ಕೆದಕಿ ನೋಡಿದರು.

"ಈ ಅಂಚಿನ ಪಟ್ಟಿ ಯಾರು ಹೊಲಿದಿದ್ದು?"

"ಕಂಪನಿಯವರು ಅಮ್ಮಾ."

"ಕುಡಿದು ಹೊಲಿದಿದಾರೆ."

ಸೇಲ್ಸ್‌ಮನ್ ನನ್ನ ಮುಖ ನೋಡಿದ. ನಾನು ಮೇಲಿದ್ದ ಫ್ಯಾನ್ ನೋಡಿದೆ. ಅವನು ಮೆಲ್ಲಗೆ, "ಇದು ಜೋಡಿ ಮಂಚದ ಸೈಜು. ಒಂಟಿ ಮಂಚದ್ದು ಒಂದೆರಡು ವಾರದಲ್ಲಿ ಬರುತ್ತೆ," ಎಂದ. ಕಿಟಕಿಯ ಹತ್ತಿರವಿದ್ದ ನನ್ನ ಗಂಡನಿಗೆ ಅದು ಕೇಳಿಸಲೇ ಇಲ್ಲ. ಗಂಡಾಂತರಗಳನ್ನೆಲ್ಲ ಒಂದೊಂದಾಗಿ ವಿಚಾರಿಸಿದ ಆ ಮನುಷ್ಯ, ಹುಟ್ಟಿದಾಗಿನಿಂದ ಅಳತೆ ಟೇಪಿನ ನೆರಳಲ್ಲಿ ಬೆಳೆದವರು, ಅಮ್ಮನ ಮಂಚದ ಅಗಲವನ್ನು ಮಾತ್ರ ಅಳೆದುಕೊಂಡು ಬಂದಿರಲಿಲ್ಲ. ನಾನೂ ಅಳೆದಿರಲಿಲ್ಲ. ಅಷ್ಟು ದಿನ ಕಾಯುವುದೆಂದರೆ ಅತ್ತೆಯ ಬೆರಳಿಗೆ ಅಷ್ಟು ದಿನ ಚಳಿ ಎಂದು ನಾನು ಯೋಚಿಸುತ್ತಿರುವಾಗಲೇ ಅತ್ತೆ, "ದೊಡ್ಡದಾದ್ರೆ ಏನಂತೆ? ನೋಡ್ಕೊಳ್ಳೋಣ," ಎಂದು ಕಂಬಳಿಯನ್ನು ಬಗಲಿಗೆ ಹಾಕಿಕೊಂಡರು.

ಮನೆಗೆ ಬಂದ ಮೇಲೆ ನನ್ನ ಗಂಡ ಅಮ್ಮನನ್ನು ಮಂಚದ ಮೇಲೆ ಕೂರಿಸಿ, ಎದುರಿಗೆ ನಿಂತು, ಸೂಚನೆಗಳನ್ನು ಓದಿದರು. "ಮಡಚಿ ಉಪಯೋಗಿಸಬಾರದು. ಎತ್ತಿಡುವಾಗ ಸಡಿಲವಾಗಿ ಸುತ್ತಿಡಬೇಕು. ಪಿನ್ ಚುಚ್ಚಬಾರದು. ಒದ್ದೆ ಮಾಡಬಾರದು. ಮೇಲೆ ಭಾರ ಇಡಬಾರದು. ಬಿಸಿನೀರಿನ ಚೀಲ ಜೊತೆಗೆ ಇಟ್ಟುಕೊಳ್ಳಬಾರದು. ವೈರು ಹಾಸಿಗೆ ಕೆಳಗೆ ಸಿಕ್ಕಬಾರದು. ಊಟಕ್ಕೆ ಮುಂಚೆ ಹಾಕಿ ಹಾಸಿಗೆ ಬಿಸಿ ಮಾಡ್ಕೊ, ಮಲಗುವಾಗ ಆರಿಸಿ ಪ್ಲಗ್ ತೆಗಿ. ತಿಳೀತಾ?"

"ಮಲಗೋಕೆ ಇಷ್ಟು ಕಾನೂನಾದ್ರೆ ನಿದ್ದೆ ಮಾಡೋದು ಯಾವಾಗಪ್ಪ?" ಎಂದರು ಅತ್ತೆ.

ಆದರೆ ನಿದ್ದೆ ಬಂತು. ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗಲೇ ಕೆಳಗಿನಿಂದ ಕತ್ತರಿಯ ಸದ್ದು ಕೇಳಿಸಿತು, ಒಂದೇ ಸಮನೆ, ಎಲ್ಲೂ ತಡವರಿಸದೆ. ನಾನು ಬ್ರಷ್ ಬಾಯಲ್ಲೇ ಇಟ್ಟುಕೊಂಡು ಮೆಟ್ಟಿಲ ಮೇಲೆ ನಿಂತು ಕೇಳಿದೆ. ಆ ಸದ್ದಿಗೆ ನನಗಾದ ಸಂತೋಷ ಹೇಳತೀರದು. ಅತ್ತೆ ತಲೆಯೆತ್ತಿ, "ಬಾಯಲ್ಲಿ ನೊರೆ ಇಟ್ಟುಕೊಂಡು ಏನು ನೋಡ್ತಾ ನಿಂತಿದ್ದೀಯ?" ಎಂದು ಬೈದರು. ಅದೂ ಹಿತವಾಗಿತ್ತು.

ನನ್ನ ಗಂಡ ಪ್ರತಿ ಸಂಜೆ ಹಾಸಿಗೆಯ ಮುಂದೆ ಮಂಡಿಯೂರಿ, ಕಂಬಳಿಯ ಮೇಲೆಲ್ಲ ಅಂಗೈ ಆಡಿಸಿ, ಪ್ಲಗ್ ಮೂಸಿ, ಆಮೇಲೆ ಸ್ವಿಚ್ ಹಾಕುತ್ತಿದ್ದರು. ನಾನು ಪ್ರತಿ ಬೆಳಿಗ್ಗೆ ಟೀ ಕೊಡುವ ನೆಪದಲ್ಲಿ ಅತ್ತೆಯ ಬೆರಳುಗಳನ್ನು ಕದ್ದು ನೋಡುತ್ತಿದ್ದೆ. ನಾದಿನಿ ಫೋನು ಮಾಡಿ, "ಟಿಕೆಟ್ ತೆಗೀಲಾ?" ಎಂದಾಗ ಅತ್ತೆ, "ನೋಡೋಣ ಇರು," ಎಂದರು. ಗುಂಡಿ ಹೊಲಿಯುತ್ತಿದ್ದ ನಾನು ಅದೇ ಗುಂಡಿಗೆ ಇನ್ನೊಂದು ಸುತ್ತು ದಾರ ಹಾಕಿದೆ.

ಒಂದೇ ಒಂದು ತೊಡಕು. ಒಂಟಿ ಮಂಚದ ಮೇಲೆ ಆ ಜೋಡಿ ಕಂಬಳಿ ಒಂದು ಪಕ್ಕಕ್ಕೆ ನೆಲದವರೆಗೂ ಇಳಿಬಿದ್ದಿತ್ತು. ಹಾಸಿಗೆಯ ಕೆಳಗೆ ಸಿಕ್ಕಿಸಲು ನನ್ನ ಗಂಡ ಬಿಡಲಿಲ್ಲ. ಅತ್ತೆಗೆ ಅದು ಕಣ್ಣಲ್ಲಿ ಬಿದ್ದ ಧೂಳು. "ಅಪ್ಪನ ಅಂಗಿ ಹಾಕ್ಕೊಂಡ ಮಗು ಥರ ಇದೆ," ಎಂದು ದಿನಕ್ಕೊಮ್ಮೆ ಮೂಗು ಮುರಿಯುತ್ತಿದ್ದರು. "ನನ್ನ ಮನೇಲಿ, ನನ್ನ ಮಂಚದ ಮೇಲೆ! ಯಾರಾದ್ರೂ ಗಿರಾಕಿ ನೋಡಿದ್ರೆ?"

"ನಿನ್ನ ಮಂಚ ನೋಡೋಕೆ ಯಾವ ಗಿರಾಕಿ ಬರ್ತಾರಮ್ಮ? ನೇತಾಡಲಿ ಬಿಡು," ಎಂದರು ಮಗ. ಒಬ್ಬ ಟೇಲರಿಗೆ ನೇತಾಡಲಿ ಬಿಡು ಎನ್ನಬಾರದಿತ್ತು.

ಆ ವಾರ ನನ್ನ ಗಂಡನಿಗೆ ಜೋರು ನೆಗಡಿ. ಮೂಗು ಸಂಪೂರ್ಣ ಕಟ್ಟಿ, ಮಾತೆಲ್ಲ ಗಂಟಲಿಂದ ಬರುತ್ತಿತ್ತು. ಆದರೂ ಸುಟ್ಟ ಬೇಕರಿಯೊಂದನ್ನು ನೋಡಲು ಹೋಗಿದ್ದರು. ನಾನು ಹೊಲಿದ ಕೋಟುಗಳನ್ನು ಗಿರಾಕಿಗಳಿಗೆ ತಲುಪಿಸಲು ಮಧ್ಯಾಹ್ನ ಹೊರಟೆ. ಹೊರಡುವಾಗ ಅತ್ತೆ, "ನಿಧಾನಕ್ಕೆ ಬಾ, ಅವಸರ ಇಲ್ಲ," ಎಂದರು. ನಿಧಾನಕ್ಕೆ ಬಾ ಎನ್ನುವುದು ಅತ್ತೆಯ ಜಾಯಮಾನದಲ್ಲೇ ಇಲ್ಲದ ಮಾತು. ನಾನು ಅದನ್ನು ಪ್ರೀತಿ ಎಂದುಕೊಂಡೆ.

ವಾಪಸಾಗುವಾಗ ಬೀದಿದೀಪ ಹತ್ತಿತ್ತು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಮೇಲಿನಿಂದ ನನ್ನ ಗಂಡನ ಸೀನು ಕೇಳಿಸುತ್ತಿತ್ತು. ಕಸ ಗುಡಿಸಿ ಬಾಗಿಲು ಹಾಕೋಣವೆಂದು ಪೊರಕೆ ಹಿಡಿದೆ. ಕತ್ತರಿ ಮೇಜಿನ ಮೇಲೆ ರಜಾಯಿ ಹೊಲಿಯುವ ದಪ್ಪ ಸೂಜಿ, ಬಿಳಿ ದಾರ. ರಜಾಯಿಯ ಕೆಲಸ ಯಾವುದೂ ಬಂದಿರಲಿಲ್ಲವಲ್ಲ ಎಂದುಕೊಂಡೇ ಬುಟ್ಟಿಯನ್ನು ಎತ್ತಿದೆ. ಚಿಂದಿಗಳ ಮೇಲೆ ಒಂದು ಬಿಳಿ ಲೇಬಲ್ ಬಿದ್ದಿತ್ತು. ಅದರ ಮೇಲೆ ಸಣ್ಣ ಸಣ್ಣ ಚಿತ್ರಗಳು: ಪಿನ್ನಿಗೆ ಕಾಟು ಹೊಡೆದದ್ದು, ನೀರಿಗೆ ಕಾಟು ಹೊಡೆದದ್ದು, ಮಡಚಿದ ಕಂಬಳಿಗೆ ಕಾಟು ಹೊಡೆದದ್ದು.

ಲೇಬಲ್ ಬುಟ್ಟಿಯಲ್ಲಿದೆ ಎಂದರೆ ಕೆಲಸ ಮುಗಿದಿದೆ. ಲೇಬಲ್ ಹಿಡಿದುಕೊಂಡು ಮೆಟ್ಟಿಲಿಗೆ ಓಡಿದೆ.

ಅರ್ಧ ಮೆಟ್ಟಿಲು ಹತ್ತಿರಬೇಕು, ಮೇಲಿನ ಕೋಣೆಯಿಂದ ಮಾತು ಕೇಳಿಸಿತು.

"ಏನೋ ಸೀದ ವಾಸನೆ ಬರ್ತಿದೆ ಅಲ್ವಾ?"

ಅದು ನನ್ನ ಗಂಡನ ದನಿಯಲ್ಲ. ಅತ್ತೆಯದು.

"ಅಣಕಿಸಿದ್ದು ಸಾಕಮ್ಮ," ಎಂದರು ನನ್ನ ಗಂಡ, ಕಟ್ಟಿದ ಮೂಗಿನಲ್ಲಿ. "ನೆಗಡಿಯಾದವನನ್ನೂ ಬಿಡಲ್ವಾ ನೀನು?"

"ಅಣಕ ಅಲ್ವೋ, ನಿಜವಾಗ್ಲೂ ಬರ್ತಿದೆ."

"ಬೇಕರಿ ವಾಸನೆ. ನನ್ನ ಕೋಟಿಂದು."

"ನಿನ್ನ ಕೋಟಿನ ವಾಸನೆ ನನಗೆ ಗೊತ್ತಿಲ್ವೇನೋ? ಇದು ಬೇರೆ!"

"ನಾನು ಇಷ್ಟು ವರ್ಷ ಹೇಳಿದಾಗ ನೀನು ನಂಬಿದ್ದೀಯಾ?"

ನಾನು ಒಳಗೆ ನುಗ್ಗಿದಾಗ ಅತ್ತೆ ಮಂಚದ ಪಕ್ಕ ನಿಂತು ದುಪ್ಪಟಿ ಕಡೆ ಕೈ ತೋರಿಸುತ್ತಿದ್ದರು. ನನ್ನ ಗಂಡ ಕುರ್ಚಿಯಲ್ಲಿ ಕೂತು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಸೀನುತ್ತಿದ್ದರು. ಅವರ ಬೆನ್ನ ಹಿಂದೆ ಆ ಸಣ್ಣ ಡಬ್ಬಿಯ ಕೆಂಪು ದೀಪ ಬಡಪಾಯಿಯ ಹಾಗೆ ಮಿಟುಕುತ್ತಲೇ ಇತ್ತು. ನಾನು ಹಾರಿ ಹೋಗಿ ವೈರಿಗೆ ಕೈ ಹಾಕಿ ಪ್ಲಗ್ ಎಳೆದೆ.

"ವೈರು ಹಿಡಿದು ಎಳೀಬಾರ್ದು!" ಎಂದು ನನ್ನ ಗಂಡ ಕೂಗಿದರು. "ಮೊದಲು ಸ್ವಿಚ್ ಆರಿಸಿ, ಆಮೇಲೆ..."

"ರೀ, ಮೂಗು ಕೆಟ್ಟಿದ್ರೆ ಕಣ್ಣಾದ್ರೂ ಬಿಟ್ಟು ನೋಡ್ರೀ!" ಎಂದು ದುಪ್ಪಟಿ ಕಿತ್ತೆಸೆದೆ.

ಕಂಬಳಿ ಮಂಚದ ಮೇಲೆ ಅಂಚಿಗೆ ಅಂಚು ಕೂಡಿಸಿದಂತೆ ಕೂತಿತ್ತು. ಒಂದು ಕಡೆಯೂ ನೇತಾಡುತ್ತಿರಲಿಲ್ಲ. ಒಂದು ಸುಕ್ಕಿಲ್ಲ, ಒಂದು ಹೊಲಿಗೆ ಕಣ್ಣಿಗೆ ಕಾಣುತ್ತಿಲ್ಲ. ಅಷ್ಟು ಚೆಂದದ ಕೆಲಸದ ನಡುವೆ ಒಂದು ಕಡೆ ಹೆಬ್ಬೆರಳಿನಷ್ಟು ದೊಡ್ಡ ಕಂದು ಮಚ್ಚೆ ಎದ್ದಿತ್ತು. ಅಲ್ಲಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

ನನ್ನ ಗಂಡ ಮಂಡಿಯೂರಿ ಅಲ್ಲಿ ಬೆರಳಿಟ್ಟರು, ಥಟ್ಟನೆ ತೆಗೆದರು. ನಾನು ಸಣ್ಣ ಕತ್ತರಿಯಿಂದ ಹೊಲಿಗೆ ಬಿಚ್ಚಿದೆ. ಒಳಗೆ ಕಂಬಳಿಯ ಅಗಲದ ಸಾಕಷ್ಟು ಭಾಗ, ವೈರಿನ ಸಮೇತ, ಪದರ ಪದರವಾಗಿ ಮಡಚಿ ಒತ್ತಾಗಿ ಕೂತಿತ್ತು. ಒಂದರ ಮೇಲೊಂದು ಬಿದ್ದ ವೈರುಗಳು ಒಂದರ ಶಾಖವನ್ನು ಇನ್ನೊಂದು ಕುಡಿದು ಕಾದಿದ್ದವು.

"ಸಂಜೆ ನಾನೇ ಕೈಯಾಡಿಸಿ ನೋಡಿದೆ," ಎಂದರು ನನ್ನ ಗಂಡ ಮೆಲ್ಲಗೆ. "'ಇವತ್ತು ಚೆನ್ನಾಗಿ ಹಾಸಿದ್ದೀಯಮ್ಮ' ಅಂತ ಬೇರೆ ಹೇಳಿದೆ. ನೇತಾಡ್ತಿದ್ದದ್ದು ಎಲ್ಲಿಗೆ ಹೋಯ್ತು ಅಂತ ಈ ನೆಗಡೀಲಿ ತಲೆಗೇ ಹೋಗ್ಲಿಲ್ಲ."

"ಮಡಚಬಾರದು ಅಂತ ಅವರು ಓದಿ ಹೇಳಿದ್ರಲ್ಲ ಅತ್ತೆ!" ಎಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು.

"ಸುಕ್ಕಾಗುತ್ತೆ ಅಂತ ಬೇಡ ಅಂದಿದಾರೆ ಅಂದ್ಕೊಂಡೆ," ಎಂದರು ಅತ್ತೆ. "ಯಾವ ಬಟ್ಟೆಗಾದ್ರೂ ಅದನ್ನೇ ಅಲ್ವಾ ಬರೆಯೋದು? ನಾನು ಸುಕ್ಕು ಬರೋ ಹಾಗೆ ಮಡಚ್ತೀನಾ? ನೋಡು, ಎಲ್ಲಾದ್ರೂ ಒಂದು ಸುಕ್ಕಿದ್ರೆ ತೋರಿಸು."

ಸುಕ್ಕಿರಲಿಲ್ಲ. ಬೇರೆ ಯಾರಾದರೂ ಹೊಲಿದಿದ್ದರೆ ಉಬ್ಬು ತಗ್ಗು ಕೈಗೆ ಸಿಕ್ಕಿ ನನ್ನ ಗಂಡ ಸಂಜೆಯೇ ಹಿಡಿದುಬಿಡುತ್ತಿದ್ದರು. ಅತ್ತೆಯ ಕೆಲಸ ಒಳ್ಳೆಯದಾದದ್ದೇ ಮುಳುವಾಯಿತು.

ನನ್ನ ಗಂಡ ಕೂಗಾಡುತ್ತಾರೆ ಎಂದುಕೊಂಡೆ. ಅವರು ನೆಲದ ಮೇಲೆ ಕೂತು ಮಂಚದ ಕಾಲಿಗೆ ಒರಗಿದರು. "ನಾಳೆ ಬೆಳಿಗ್ಗೆ ಕ್ಯಾಮೆರಾ ಹಿಡ್ಕೊಂಡು ನಾನು ಯಾರ ಕೋಣೆಗೆ ಬರಬೇಕಾಗಿತ್ತು ಗೊತ್ತೇನಮ್ಮ?" ಎಂದರು.

ಅತ್ತೆಯ ಮುಖದಲ್ಲಿದ್ದ ಜಂಬ ಇಳಿದುಹೋಯಿತು. ಕಂಬಳಿಯ ಅಂಚನ್ನು ಸವರುತ್ತ, "ಒಂದು ನೂಲೂ ಕತ್ತರಿಸಿಲ್ಲ ಕಣೋ," ಎಂದರು. "ಹೊಲಿಗೆ ಬಿಚ್ಚಿದ್ರೆ ಮೊದಲಿನ ಹಾಗೇ ಆಗುತ್ತೆ. ಮುಂದೆ ನಿಮ್ಮ ಮಂಚಕ್ಕೆ ಆಗಲಿ ಅಂತಾನೇ ಒಳಗೆ ಬಿಟ್ಟಿದ್ದು."

"ನಮ್ಮ ಮಂಚಕ್ಕೆ ಯಾಕೆ?" ಎಂದೆ ನಾನು.

"ನಾನು ಹೋದ್ಮೇಲೆ ಸುಮ್ನೆ ಬಿದ್ದಿರುತ್ತಲ್ಲ."

"ಎಲ್ಲಿಗೆ ಹೋಗ್ತೀರಿ?"

ಅತ್ತೆ ನನ್ನ ಮುಖ ನೋಡಲಿಲ್ಲ. "ಟಿಕೆಟ್ ತೆಗೆಯೋಕೆ ಹೇಳಿದ್ದೀನಿ ಅವಳಿಗೆ."

"ಕೈ ಸರಿಯಾಯ್ತಲ್ಲ!"

"ಆಯ್ತು. ಆದ್ರೆ ನಿಮ್ಮ ಪಾಡು ನೋಡಿದ್ದೀರಾ? ಇವನು ದಿನಾ ಮಂಡಿಯೂರಿ ವೈರು ಮೂಸ್ತಾನೆ. ನೀನು ದಿನಾ ಟೀ ಕೊಡುವಾಗ ನನ್ನ ಬೆರಳು ನೋಡ್ತೀಯ. ನನಗೆ ಕಣ್ಣಿಲ್ವಾ? ಒಬ್ಬಳು ಮುದುಕಿ ಬೆಚ್ಚಗಿರೋದಕ್ಕೆ ಮನೆಯವರೆಲ್ಲ ಕಾವಲು ಕಾಯ್ಬೇಕಾ? ಇವತ್ತು ನೋಡಿದ್ರೆ ಮನೆಗೇ ಬೆಂಕಿ ಇಡ್ತಿದ್ದೆ." ಅವರು ಎದ್ದು ಹೋಗಿ ಬೀರುವಿನ ಮೇಲಿದ್ದ ಸೂಟ್‌ಕೇಸನ್ನು ಇಳಿಸಿದರು.

ನನಗೆ ಅಳು ಬಂತು. ನನಗೆ ಅಳು ಬಂದರೆ ಮೊದಲು ಹೊರಗೆ ಬೀಳುವುದು ಕೋಪ. "ಹೋಗೋದಾದ್ರೆ ಹೋಗಿ!" ಎಂದವಳೇ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನೆಲ್ಲ ಎತ್ತಿ ಎತ್ತಿ ಕುಕ್ಕಿದೆ. ಹೇಳಬೇಕಾದದ್ದು ಒಂದು, ಹೇಳಿದ್ದು ಇನ್ನೊಂದು. ಆ ರಾತ್ರಿ ಅತ್ತೆ ಎರಡು ರಜಾಯಿ ಹೊದ್ದು ಮಲಗಿದರು. ಬೆಳಿಗ್ಗೆ ಕೆಳಗಿನಿಂದ ಕತ್ತರಿಯ ಸದ್ದು ಬರಲಿಲ್ಲ.

ನನ್ನ ಗಂಡ ರಜೆ ಹಾಕಿದ್ದರು. ಅಂಗಡಿಯಿಂದ ಟೇಪು ತಂದು, ಅತ್ತೆ ಸೀರೆಗಳನ್ನು ಸೂಟ್‌ಕೇಸಿಗೆ ತುಂಬುತ್ತಿರುವಾಗಲೇ, ಅವರ ಮಂಚದ ಅಗಲ ಅಳೆದರು. ಟೇಲರ್ ಮಗನಾಗಿ ಹುಟ್ಟಿ ಮೊದಲ ಸಲ ಟೇಪು ಹಿಡಿದಿದ್ದರು, ಅದೂ ತಲೆಕೆಳಗಾಗಿ. ಅತ್ತೆ ಅದನ್ನು ನೋಡಲಾರದೆ ಕಿಟಕಿ ಕಡೆ ತಿರುಗಿದರು. ಇವರು ಮತ್ತೊಮ್ಮೆ ಅಳೆದು, ಕೈಮೇಲೆ ಬರೆದುಕೊಂಡು ಹೊರಟರು. ಬರುವಾಗ ಒಂದು ಡಬ್ಬವಿತ್ತು. ಒಂಟಿ ಮಂಚದ ಕಂಬಳಿ ಬಂದಿತ್ತಂತೆ. ಇವರು ಟೇಪು ಹಿಡಿದು ಒಳಗೆ ಬಂದದ್ದನ್ನು ನೋಡಿ ಸೇಲ್ಸ್‌ಮನ್ ಮೇಜಿನ ಹಿಂದೆ ಬಗ್ಗಿ ಕೂತನಂತೆ.

"ಹೋಗೋಳಿಗೆ ಇದ್ಯಾಕೆ ತಂದೆ?" ಎಂದರು ಅತ್ತೆ.

ನನ್ನ ಗಂಡ ನನ್ನ ಕಡೆ ತಿರುಗಿದರು. ಹಳೆಯ ಕಂಬಳಿಯನ್ನು ಮೊದಲು ವಿಲೇವಾರಿ ಮಾಡಬೇಕು, ಸುಟ್ಟ ಕರೆಂಟ್ ಕಂಬಳಿಯನ್ನು ಇಟ್ಟುಕೊಳ್ಳಬಾರದು, ಇನ್ನೊಬ್ಬರಿಗೆ ಕೊಡಲೂಬಾರದು, ಯಾರೂ ಮತ್ತೆ ಪ್ಲಗ್ಗಿಗೆ ಹಾಕದಂತೆ ವೈರು ಕತ್ತರಿಸಿಯೇ ಎಸೆಯಬೇಕು ಎಂದು ನನಗೆ ಪಾಠ ಹೇಳುತ್ತ ಕೆಳಗೆ ಹೋದರು. ಮೇಜಿನ ಮೇಲೆ ಕೈಗೆ ಸಿಕ್ಕಿದ ಕತ್ತರಿ ತಂದು, ಪ್ಲಗ್ ಗೋಡೆಯಲ್ಲಿ ಇಲ್ಲವೆಂದು ಎರಡು ಸಲ ನೋಡಿ, ಕಚಕ್ಕನೆ ವೈರು ಕತ್ತರಿಸಿದರು.

"ಅಯ್ಯೋ! ನನ್ನ ಕತ್ತರಿ!"

ಅತ್ತೆ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಆ ಕತ್ತರಿಯಲ್ಲಿ ಬಟ್ಟೆಯಲ್ಲದೆ ಒಂದು ಕಾಗದವನ್ನೂ ಕತ್ತರಿಸಲು ಅವರು ಯಾರಿಗೂ ಬಿಟ್ಟವರಲ್ಲ. ಕೈಯಲ್ಲಿದ್ದ ಸೀರೆ ಬಿಸಾಕಿ ಬಂದು ಮಗನ ಕೈಯಿಂದ ಕತ್ತರಿ ಕಸಿದುಕೊಂಡರು. ಅಲಗಿನ ಮೇಲೆ ಹೆಬ್ಬೆರಳು ಆಡಿಸಿದರು. "ಬಾಯಿ ಹೋಯ್ತು! ಬುದ್ಧಿ ಇದೆಯೇನೋ ನಿನಗೆ? ವೈರು ಕತ್ತರಿಸೋಕೆ ನನ್ನ ಕತ್ತರೀನೇ ಬೇಕಾಗಿತ್ತಾ? ಇವತ್ತೇ ಸಾಣೆ ಹಿಡಿಸ್ಬೇಕು, ಆ ಲಾಯರ್ ಕೋಟು ಕತ್ತರಿಸೋದು ಬಾಕಿ ಇದೆ..."

"ಹೋಗೋರಿಗೆ ಕತ್ತರಿ ಯಾಕೆ?" ಎಂದೆ ನಾನು.

ಅತ್ತೆ ಸೂಟ್‌ಕೇಸಿನ ಕಡೆ ತಿರುಗಿದರು. ಕತ್ತರಿ ಮಾತ್ರ ಕೈಯಲ್ಲೇ ಇತ್ತು.

ನಾನು ಹೊಸ ಕಂಬಳಿಯನ್ನು ಬಿಚ್ಚಿ ಮಂಚದ ಮೇಲೆ ಹರಡಿದೆ. ಅದು ಮಂಚಕ್ಕೆ ಸರಿಯಾಗಿ ಕೂತಿತು. ಅತ್ತೆ ಅಭ್ಯಾಸಬಲದಿಂದ ಹತ್ತಿರ ಬಂದು ಮೂಲೆ ಮಗುಚಿ ನೋಡಿದರು. ಅಂಚು ಎಳೆದು ನೋಡಿದರು. ಎಲ್ಲೂ ಹೆಚ್ಚಿರಲಿಲ್ಲ, ಎಲ್ಲೂ ಕಡಿಮೆಯಿರಲಿಲ್ಲ. ಅವರ ಮುಖ ಸಪ್ಪಗಾಯಿತು. "ಇದರಲ್ಲಿ ನಾನು ಮಾಡೋದೇ ಏನೂ ಇಲ್ವಲ್ಲ," ಎಂದರು. ಕೊನೆಗೆ ಲೇಬಲ್ ಕಂಡಿತು. ಕೈ ತಾನಾಗಿ, ಹಿಂದಿನ ರಾತ್ರಿಯಿಂದ ಅಲ್ಲೇ ಬಿದ್ದಿದ್ದ ಸಣ್ಣ ಕತ್ತರಿಯನ್ನು ಎತ್ತಿಕೊಂಡಿತು.

"ಲೇಬಲ್!" ಎಂದು ನನ್ನ ಗಂಡ ಸೀನಿನ ನಡುವೆಯೇ ಚೀರಿದರು.

ನಾನು ಅತ್ತೆಯ ಕೈ ಹಿಡಿದೆ. ಬೆರಳುಗಳು ತಣ್ಣಗಿದ್ದವು. ಇಷ್ಟು ವರ್ಷದಲ್ಲಿ ಅವರ ಕೈಯಿಂದ ಸೂಜಿ, ದಾರ, ಬೈಗುಳ ಎಲ್ಲ ತೆಗೆದುಕೊಂಡಿದ್ದೆ, ಕೈ ಹಿಡಿದಿರಲಿಲ್ಲ.

"ಅತ್ತೆ, ಇದರ ಒಳಗೆ ಒಂದು ಬೆರಳಷ್ಟೂ ಬಟ್ಟೆ ಬಿಟ್ಟಿಲ್ಲ," ಎಂದೆ. "ಬಿಚ್ಚಿ ದೊಡ್ಡದು ಮಾಡೋಕಾಗಲ್ಲ. ನಮ್ಮ ಮಂಚಕ್ಕೆ ಬರಲ್ಲ. ನೀವು ಹೋದ್ರೆ ಇದು ಯಾರಿಗೂ ಆಗಲ್ಲ. ನಿಮ್ಮ ಅಳತೆಗೇ ತಂದಿದ್ದು." ಹಿಡಿದ ಕೈ ಬಿಡಲಿಲ್ಲ. "ಹೋಗ್ಬೇಡಿ. ನಿಮ್ಮ ಬೆರಳು ನೋಡೋದು ನನಗೆ ಕಾವಲಲ್ಲ. ಬೆಳಿಗ್ಗೆ ಎದ್ದು ನಾನು ಮೊದಲು ಮಾಡೋ ಕೆಲಸ ಅದು. ಅದನ್ನೂ ಕಿತ್ಕೊಂಡ್ರೆ ನಾನು ಏನು ಮಾಡ್ಲಿ?"

ಅತ್ತೆ ಸಣ್ಣ ಕತ್ತರಿಯನ್ನು ಪಕ್ಕಕ್ಕಿಟ್ಟು, ಮುದುರಿದ್ದ ಲೇಬಲನ್ನು ಉಗುರಿನಿಂದ ನೇರ ಮಾಡಿದರು. ನಮ್ಮ ಮನೆಯಲ್ಲಿ ಲೇಬಲ್ ಉಳಿಸಿಕೊಂಡ ಮೊದಲ ವಸ್ತು ಅದು.

"ನಿನ್ನ ಮೂಗು ಸರಿಯಾಗೋ ತನಕ ಇದನ್ನ ಹಾಕಬೇಡ," ಎಂದರು ಮಗನಿಗೆ. ನನಗೆ, "ಅಳೋದಾದ್ರೆ ಆ ಕಡೆ ಹೋಗಿ ಅಳು, ಕಂಬಳಿ ಒದ್ದೆಯಾಗುತ್ತೆ," ಎಂದರು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ನಾದಿನಿ. ಅತ್ತೆ ಒಂದು ಕೈಯಲ್ಲಿ ಮೊಂಡಾದ ಕತ್ತರಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಫೋನು ಎತ್ತಿದರು.

"ಟಿಕೆಟ್ ವಾಪಸ್ ಮಾಡಮ್ಮ," ಎಂದರು. "ಇಲ್ಲ, ಚಳಿ ಕಡಿಮೆಯಾಗಿಲ್ಲ. ಯಾರೂ ಹಿಡಿದು ಕೂರಿಸಿಲ್ಲ. ಇಲ್ಲೊಂದು ಕಂಬಳಿ ಇದೆ ಕಣೆ, ನನಗಲ್ಲದೆ ಇನ್ಯಾರಿಗೂ ಆಗಲ್ವಂತೆ."